ಕರಿಮಣಿ ಕಣ್ಣಿನ ಸೀಗಡಿ

ಕ್ವಾಡ್ರಸ್ ಡಾಕ್ಟರು ಮೊದಲ ಸಲ ಬಂದಾಗ
ಅಂಗೈಯಲ್ಲಿ ಹತ್ತಿ, ಹತ್ತಿಯೊಳಗೆ ಕೊಕ್ಕೆ,
ಕೊಕ್ಕೆಗೆ ಅಂಟಿಕೊಂಡ ಎರಡು ಬೋಳು ಗರಿ.
'ಇದು ಫ್ಲೈ. ಇಂಥದ್ದು ಆರು ಬೇಕು.'
ನೊಣವೇ? ಅಂದೆ.
ಜುಮ್ಮಾ ಮಸೀದಿ ರಸ್ತೆಯಲ್ಲಿ ನೊಣಕ್ಕೇನು ಬರ,
ದುಡ್ಡು ಕೊಟ್ಟು ಕಟ್ಟಿಸಿಕೊಳ್ಳೋಕೆ?

ನನ್ನದು ಆರಿ ಕೆಲಸ. ಮದುವೆ ಬ್ಲೌಸಿನ ಬೆನ್ನಿಗೆ ನವಿಲು,
ಒಂದು ದಿನ ಉಟ್ಟು ಬೀರುವಿಗೆ ಹೋಗುವ ನವಿಲು.
ಇದು ನೊಣವಲ್ಲವಂತೆ. ಸೀಗಡಿ.
ಸೀಗಡಿಯೇ ಅಂತ ಮೀನನ್ನು ನಂಬಿಸುವ ಸುಳ್ಳು.
ಸುಳ್ಳಾದರೆ ಸರಿ, ಬರುತ್ತೆ ನನಗೆ, ಅಂದೆ.

ರಸಲ್ ಮಾರ್ಕೆಟ್ಟಿನ ಹಿಂದೆ ಕೋಳಿ ಕೊಯ್ಯುವ ಇಲಿಯಾಸ್
ಹುಂಜದ ಕೊರಳ ಗರಿ ಎತ್ತಿಟ್ಟಿದ್ದ.
ಸೀಗೆಪುಡಿಯಲ್ಲಿ ತೊಳೆದು ಡಿಕಾಕ್ಷನ್ನಿನಲ್ಲಿ ಅದ್ದಿದೆ.
ಮೈಗೆ ಕ್ರಿಸ್‌ಮಸ್ ಮರದ ತಳಕು, ಬೆನ್ನಿಗೆ ಜರಿ.
ಕಣ್ಣಿಗೆ ಕಪ್ಪು ಮಣಿ, ಎರಡೆರಡು.
ಡಬ್ಬಿಯಲ್ಲಿ ಹತ್ತೇ ಇತ್ತು.

ಇನ್ನೆರಡು ಎಲ್ಲಿವೆ ಅಂತ ಗೊತ್ತಿತ್ತು.
ಟ್ರಂಕಿನಲ್ಲಿ, ನುಸಿಗುಳಿಗೆ ಜೊತೆ, ಹರಿದ ಸರ.
ಯಾರು ಹರಿದದ್ದು ಅನ್ನೋ ಕಥೆ ಈಗ ಬೇಡ.
ಅವನು ಹೊಸೂರಲ್ಲಿ ಟೈರ್ ಅಂಗಡಿ ಇಟ್ಟಿದ್ದಾನಂತೆ.

ಎರಡು ವಿಮಾನ, ಒಂದು ಲಾಂಚು, ಆಮೇಲೆ ದೋಣಿ.
ಮೂವತ್ತು ಮನೆಯ ಊರು.
ಅದರ ಹೆಸರು ಡಾಕ್ಟರ ನಾಲಿಗೆಗೂ ಹೊರಳುವುದಿಲ್ಲ.
ಕರೆಂಟು ಸಂಜೆ ಮೂರು ಗಂಟೆ ಮಾತ್ರ.
ತೊಡೆಮಟ್ಟ ನೀರಲ್ಲಿ ನಿಂತು ಕಾಯುತ್ತಾರಂತೆ,
ಭರತ ಏರುವಾಗ ಮರಳ ಮೇಲೆ ಹಾಯುವ ಒಂದು ನೆರಳನ್ನು.
ಹಿಡಿದು, ಬಾಯಿ ತೆರೆಸಿ, ಕೊಕ್ಕೆ ಬಿಡಿಸಿ
(ಹಲ್ಲಿನ ಡಾಕ್ಟರಲ್ಲವೆ)
ಮತ್ತೆ ನೀರಿಗೆ ಬಿಡುತ್ತಾರೆ.
ಬಿಡ್ತೀರಾ?
ಆ ಊರಿನ ಹೆಂಗಸರೂ ಹೀಗೇ ಕೇಳಿದರಂತೆ,
ಸೊಂಟಕ್ಕೆ ಕೈ ಕೊಟ್ಟು.
ಅವರದೂ ನನ್ನದೂ ಒಂದೇ ಜಾತಿ ಇರಬೇಕು.

ಹೊರಡುವ ಮುಂಚೆ ಒಂದು ತಿಂಗಳು, ಬೆಳಗ್ಗೆ ಆರಕ್ಕೆ,
ಕಾಕ್ಸ್ ಟೌನಿನ ಮೈದಾನದಲ್ಲಿ ದಾರ ಬೀಸುತ್ತಿದ್ದರು.
ಹಾಲು ತರಲು ಹೋದವಳು ನಿಂತು ನೋಡಿದೆ.
ತುದಿಯಲ್ಲಿ ಕೊಕ್ಕೆಯಿಲ್ಲ, ಕೆಂಪು ಉಣ್ಣೆಯ ಎಳೆ.
ದಾರ ಹಿಂದಕ್ಕೆ ಹೋಗಿ ನೆಟ್ಟಗಾಗಿ
ಒಂದು ಗಳಿಗೆ ಗಾಳಿಯಲ್ಲೇ ಸುಮ್ಮನಿದ್ದು
ಆಮೇಲೆ ಮುಂದೆ.
ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲೆ
ಹುಲ್ಲಿನ ಮೇಲೆ ಇಳಿದಾಗ ಸದ್ದೇ ಇಲ್ಲ.
ವಾಕಿಂಗಿನವರು ಬಳಸಿಕೊಂಡು ಹೋದರು.
ಒಂದು ಬೀದಿನಾಯಿ ಮಾತ್ರ ಆ ಉಣ್ಣೆಯನ್ನು ನಂಬಿತು.

ವಾಪಸ್ಸು ಬಂದರು, ಮೂಗಿನ ಸಿಪ್ಪೆ ಸುಲಿದು.
ಐದು ಕೊಟ್ಟರು, ರಿಪೇರಿಗೆ.
ಆರನೆಯದು?
ಸಂಜೆ, ದೊಡ್ಡದೊಂದು, ದಾರ ಕಡಿದುಕೊಂಡೇ ಹೋಯಿತು.
'ಸಾರಿ' ಅಂದರು,
ನನ್ನ ಮಗುವನ್ನು ಬಸ್‌ಸ್ಟ್ಯಾಂಡಿನಲ್ಲಿ ಕಳೆದ ಹಾಗೆ.

ಐದರ ಕಣ್ಣನ್ನೂ ಉಗುರಲ್ಲಿ ಮುಟ್ಟಿ ನೋಡಿದೆ.
ಅಂಗಡಿಯ ಮಣಿ ಪ್ಲಾಸ್ಟಿಕ್ಕು. ನನ್ನದು ಗಾಜು.
ಹೋದದ್ದು ಅದೇ.

ನೋವಾಗುತ್ತಾ ಮೀನಿಗೆ?
'ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಅಮುಕಿರ್ತೀನಮ್ಮ.
ವಾರದೊಳಗೆ ತಾನೇ ಜಾರಿ ಬೀಳುತ್ತೆ.
ಗರಿ ಕೊಳೆಯುತ್ತೆ, ಕಬ್ಬಿಣ ತುಕ್ಕಾಗುತ್ತೆ.'
ಗಾಜಿಗೆ ಏನೂ ಆಗಲ್ಲ ಅಂತ ನಾನು ಹೇಳಲಿಲ್ಲ.
ಕಳೆದದ್ದಕ್ಕೂ ದುಡ್ಡು ಕೊಟ್ಟರು. ತೆಗೆದುಕೊಂಡೆ.

ಅವರು ಹೋದ ಮೇಲೆ ಶಟರ್ ಅರ್ಧ ಎಳೆದು
ಒಂದನ್ನು ನಾಲಿಗೆಗೆ ತಾಗಿಸಿದೆ.
ಇನ್ನೂ ಉಪ್ಪು.
ಐವತ್ತೊಂದು ವರ್ಷಕ್ಕೆ
ನಾನು ಕಂಡ ಸಮುದ್ರ ಅಷ್ಟು.

ಮುಂದಿನ ಸಲಕ್ಕೆ ಹನ್ನೆರಡು ಬೇಕಂತೆ.
ಟ್ರಂಕು ತೆಗೆದು ಎಣಿಸಿದೆ: ನೂರಾ ಆರು.
ಡಾಕ್ಟರಿಗೆ ಅರವತ್ತೆಂಟು, ಎಡ ಮಂಡಿ ಬೇರೆ ನೋವು.
ವರ್ಷಕ್ಕೊಂದೇ ಮೀನು ಕಡಿದುಕೊಂಡು ಹೋದರೆ...
ನಲ್ಲಿ ಕೆಮ್ಮಿತು. ನೀರು ಬಿಡುವ ಹೊತ್ತು.
ಲೆಕ್ಕ ಅಲ್ಲಿಗೇ ಬಿಟ್ಟು ಕೊಡ ಇಟ್ಟೆ.