ಬೇಗಂ ತಲಾಬದ ಸುತ್ತುದಾರಿ

ರಾತ್ರಿಪಾಳಿ ಮುಗಿಸಿ ಹೊರಬಂದಾಗ
ಸೈಕಲ್ಲಿನ ಸೀಟಿನ ಮೇಲೆ ಇಬ್ಬನಿ.
ಓಢಣಿಯ ತುದಿಯಿಂದ ಒರೆಸಿ ಹತ್ತಿದೆ.
ನೆಟ್ಟಗೆ ಹೋದರೆ ಮನೆ ಹತ್ತು ನಿಮಿಷ;
ಹ್ಯಾಂಡಲ್ಲು ಕೆರೆಯ ಕಡೆ ತಿರುಗಿತು,
ನಾನು ಬ್ಯಾಡ ಅನ್ನಲಿಲ್ಲ.

ಏರಿಯ ಮೇಲೆ ಏರೇ ಇಲ್ಲ.
ಹುಡುಗರು ಕೈಬಿಟ್ಟು ಹೊಡೆಯುವ ದಾರಿ.
ಬೇವಿನ ನೆರಳು, ಬಿಸಿಲು, ಬೇವಿನ ನೆರಳು,
ನಿನ್ನೆಯಷ್ಟೇ ಬಣ್ಣ ಬಳಿದ ಬೆಂಚು,
ಅದರ ಮೇಲೆ ಆಗಲೇ ಯಾರದೋ ಪ್ಯಾಂಟಿನ ಗುರುತು.
ವಾಕಿಂಗಿಗೆ ಬಂದ ಕಿರಾಣಿಯ ಗುರುಶಾಂತಪ್ಪ
ಹೊಟ್ಟೆಯನ್ನು ಒಳಗೆಳೆದುಕೊಂಡು ನಡೆದ
ನಾನು ದಾಟುವ ತನಕ.

ನೀರಿನ ನಡುವೆ ಬಂಡೆಯ ಮೇಲೆ
ನೀರುಕಾಗೆ ರೆಕ್ಕೆ ಹರವಿ ನಿಂತಿದೆ,
ವಕೀಲರ ಮನೆಯವರು ಒಣಹಾಕಿ ಮರೆತ
ಕರಿ ಕೋಟಿನ ಹಾಗೆ.

"ಇಷ್ಟು ಮುಂಜಾನೆ ಎಲ್ಲಿಗ್ರೀ ಸಿಸ್ಟರ್?"
ಚಹಾ ಗಾಡಿಯ ಖೈರುನ್ನಬಿ ಕೂಗಿದಳು.
"ಎಲ್ಲಿಗೂ ಇಲ್ರೀ" ಅಂದೆ.
ಹಾಗನ್ನುವುದರಲ್ಲಿ ಇಷ್ಟು ಸುಖವಿದೆಯೆಂದು
ಗೊತ್ತಿರಲಿಲ್ಲ.

ಕೋಡಿಯ ಹತ್ತಿರ ಸಣ್ಣ ಇಳಿಜಾರು.
ಪೆಡಲ್ ತುಳಿಯುವುದ ಬಿಟ್ಟೆ.
ಹಿಂದಿನ ಗಾಲಿ ತಾನೇ ಎಣಿಸತೊಡಗಿತು:
ಟಿಕ್ ಟಿಕ್ ಟಿಕ್ ಟಿಕ್.
ರಾತ್ರಿಯೆಲ್ಲ ನಾನೂ ಎಣಿಸಿದ್ದೆ
ಏಳನೇ ಮಂಚದ ಸಲಾಯಿನ್ನಿನ ಹನಿ,
ನಿಮಿಷಕ್ಕೆ ಇಪ್ಪತ್ತು, ಹತ್ತೊಂಬತ್ತು, ಮತ್ತೆ ಇಪ್ಪತ್ತು,
ನಸುಕಿನಲ್ಲಿ ಆ ಮುದುಕಿ ಕಣ್ಣು ಬಿಟ್ಟು
"ನಳಕ್ಕ ನೀರು ಬಂದಾವೇನವಾ?" ಅನ್ನುವ ತನಕ.

ಬಂದಾವ ಆಯೀ,
ದಂಡೀ ತನಕ ಬಂದಾವ.

ಗಾಲಿಯ ಎಣಿಕೆ ಯಾವ ಚೀಟಿಯಲ್ಲೂ ಬರೆಯಬೇಕಿಲ್ಲ.
ತಪ್ಪಿದರೂ ನಡೆಯುತ್ತದೆ.
ಇಳಿಜಾರು ಮುಗಿಯಿತು. ಸೈಕಲ್ಲು
ಇನ್ನೂ ಸ್ವಲ್ಪ ದೂರ
ಸುಮ್ಮನೆ ಹೋಯಿತು.