ಎರಡು ಸುತ್ತು

ಮೊದಲು ಸದ್ದು ಬಂತು, ಆಮೇಲೆ ಕಾರು.
ಸುಧಾಮನಗರದ ನಮ್ಮ ಗಲ್ಲಿಯ ಬಾಯಲ್ಲಿ
ಜಲಮಂಡಳಿಯವರು ಅಗೆದು ಮುಚ್ಚಿದ ಗೆರೆಯೊಂದಿದೆ,
ಅದನ್ನು ದಾಟುವಾಗಲೇ ಗೊತ್ತಾಯಿತು:
ಟಕ್ ಅಂದರೆ ಲಿಂಕ್ ರಾಡು, ಧಡ್ ಅಂದರೆ ಶಾಕು,
ಎರಡೂ ಅಂದರೆ ಮಧ್ಯಾಹ್ನದ ಊಟ ತಡ.

ಬಾಟಲಿ ಹಸಿರಿನ ಹಳೇ ಎಸ್ಟೀಮು.
ನೆಲಕ್ಕೂ ಅದಕ್ಕೂ ನಡುವೆ ನಾಲ್ಕೇ ಬೆರಳು.
ಹುಡುಗ ಇಳಿದ. ಇಳಿದ ಅನ್ನುವುದಕ್ಕಿಂತ ಎದ್ದ,
ಚಾಪೆಯಿಂದ ಏಳುವ ಹಾಗೆ, ಒಂದು ಕೈ ಊರಿ.
ಚಿರಂತ್ ಅಂತೆ. "ಅಣ್ಣಾ, ಎತ್ತರ ಮಾಡಬೇಡಿ,
ಸದ್ದು ಮಾತ್ರ ತೆಗೆದುಬಿಡಿ" ಎಂದ,
ಹಲ್ಲು ಇರಲಿ, ನೋವು ಕಿತ್ತುಕೊಡಿ ಅಂದಹಾಗೆ.

ಹಲಗೆ ಹಾಸಿ ಗುಂಡಿಯ ಮೇಲೆ ತಂದು
ಕೆಳಗಿಳಿದು ದೀಪ ಹಿಡಿದೆ.
ಊರನ್ನು ಮೇಲಿಂದ ನೋಡುವವರು ಬೇರೆ,
ನಾನು ಓದುವುದು ಕಾರುಗಳ ಹೊಟ್ಟೆಯಲ್ಲಿ.
ಸೈಲೆನ್ಸರಿನ ಮೇಲೆ ಹಳದಿ ಗೀರು:
ಯಾವುದೋ ಶಾಲೆಯೆದುರು ಹೊಸದಾಗಿ ಬಣ್ಣ ಬಳಿದ ಹಂಪು.
ಚೇಂಬರಿನ ತಳಕ್ಕೆ ಸಿಮೆಂಟಿನ ಬಿಳಿ:
ಡಾಂಬರು ಮುಗಿದು ಕಾಂಕ್ರೀಟು ಶುರುವಾಗುವ ಮೆಟ್ಟಿಲು.
ಬೀಮಿನ ಸಂದಿಯಲ್ಲಿ ಕೆಮ್ಮಣ್ಣು, ಹಿಂದಿನ ಫೆಂಡರಿಗೆ ಟೈರು ಉಜ್ಜಿದ ಕರಿ:
ನಂದಿ ಬೆಟ್ಟದ ದಾರಿ, ಬೆಳಗಿನ ಜಾವ, ಐದು ಜನ.
ಟೈರುಗಳೋ ಒಳಗಡೆ ಮಾತ್ರ ಸವೆದು
ಹೊರಗೆ ಹೊಸದರಂತೆ ನಗುತ್ತಿವೆ,
ಮದುವೆಮನೆ ಫೋಟೋದಲ್ಲಿ ನಿಂತ ಹಳೇ ದಂಪತಿಗಳ ಹಾಗೆ.

ಮುಂದಿನ ಎಡಗಡೆ ಸ್ಟ್ರಟ್ಟು ಬಿಚ್ಚಿ
ಸ್ಪ್ರಿಂಗು ಹೊರಗೆ ತೆಗೆದಾಗ
ಕೈ ನಿಂತಿತು.
ಕೆಳತುದಿ ಗ್ರೈಂಡರಿನಲ್ಲಿ ಕೊಯ್ದದ್ದು. ಓರೆಯಾಗಿ,
ಎಡಗೈಯವನು ಕೊಯ್ದಂತೆ.

ಹದಿನಾಲ್ಕು ವರ್ಷದ ಕೆಳಗೆ ಕಲಾಸಿಪಾಳ್ಯದಲ್ಲಿ
ಎಡಗೈ ಹುಡುಗರು ಎಷ್ಟು ಜನ ಇದ್ದರು?
ಇನಾಯತ್ ಸಾಬರ ಶೆಡ್ಡು. ನನಗಾಗ
ಮೀಸೆಗಿಂತ ಗ್ರೀಸೇ ಹೆಚ್ಚು ಕಪ್ಪು.
ಸಾಬರು ನಮಾಜಿಗೆ ಹೋದ ಹೊತ್ತು ನೋಡಿ
ಮುನ್ನೂರು ರೂಪಾಯಿಗೆ ಎರಡು ಸುತ್ತು ಕೊಯ್ಯುತ್ತಿದ್ದೆ,
ಕಿಡಿ ನೋಡಲು ಪಕ್ಕದ ಅಂಗಡಿಯವರೂ ಬರುತ್ತಿದ್ದರು.
ಒಂದು ದಿನ ಸಿಕ್ಕಿಬಿದ್ದೆ. ಬೈಯಲಿಲ್ಲ.
ನೆಲದಲ್ಲಿ ಇನ್ನೂ ಬಿಸಿಯಿದ್ದ ತುಂಡನ್ನು
ಬಟ್ಟೆಯಲ್ಲಿ ಎತ್ತಿ ನನ್ನ ಜೇಬಿಗೆ ಹಾಕಿದರು:
"ಇಟ್ಕೋ ಮಗಾ. ಯಾವತ್ತಾದ್ರೂ ವಾಪಸ್ ಕೇಳ್ತಾರೆ."

ಚಿರಂತನಿಗೆ ಹೇಳಲಿಲ್ಲ.
ಪಳನಿಯನ್ನು ಜೆ.ಸಿ. ರಸ್ತೆಗೆ ಓಡಿಸಿದೆ:
ಗಿಡ್ಡ ಸ್ಪ್ರಿಂಗು, ಕೊಯ್ದದ್ದಲ್ಲ, ಹುಟ್ಟಿನಿಂದಲೇ ಗಿಡ್ಡ,
ಅದಕ್ಕೆ ಒಪ್ಪುವ ಶಾಕು, ಬಂಪ್ ಸ್ಟಾಪು, ನಾಲ್ಕು ಬುಷ್ಷು.
"ಎರಡು ಬೆರಳು ಏರುತ್ತೆ" ಎಂದೆ.
ಅವನ ಮುಖ ಎರಡು ಬೆರಳು ಇಳಿಯಿತು.

ಗಾಡಿ ಜಾಕಿಯಲ್ಲಿ ನೇತಾಡುವಾಗ
ಬುಷ್ಷಿನ ಬೋಲ್ಟು ಬಿಗಿಯಬಾರದು.
ಬಿಗಿದರೆ ರಬ್ಬರು ಆ ನೇತಾಟವನ್ನೇ ನಿಜವೆಂದು ನಂಬಿ
ಹರಿಯುವ ತನಕ ತಿರುಚಿಕೊಂಡೇ ಬದುಕುತ್ತದೆ.
ಇಳಿಸಬೇಕು. ನಾಲ್ಕೂ ಚಕ್ರ ನೆಲ ಮುಟ್ಟಿ
ತನ್ನ ಭಾರ ತಾನು ಹೊತ್ತು ಕೂತಮೇಲೆ
ಕೊನೆಯ ತಿರುವು.
ಇದನ್ನು ಕಲಿಸಿದ್ದೂ ಸಾಬರೇ,
ಪ್ರಾಯಶಃ ಬುಷ್ಷಿನ ಬಗ್ಗೆ.

ಸಂಜೆ ಟ್ರಯಲ್ಲು. ಮಿನರ್ವ ಸರ್ಕಲ್ಲು, ವಿ.ವಿ. ಪುರ, ವಾಪಸು.
ಹಂಪು ಹತ್ತಿ ಇಳಿಯಿತು,
ಮಗು ಮಲಗಿರುವ ಕೋಣೆಯಲ್ಲಿ ಯಾರೋ ಕೂತ ಹಾಗೆ.
ಆಗ ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಗಲಗಲ.
"ಇದ್ಯಾವುದಣ್ಣಾ ಹೊಸ ಸದ್ದು?"
"ಹೊಸದಲ್ಲ. ದೊಡ್ಡದು ಹೋಯ್ತಲ್ಲ, ಈಗ ಕೇಳ್ತಿದೆ."

ಲೇಬರಿನಲ್ಲಿ ಮುನ್ನೂರು ಕಡಿಮೆ ಬರೆದೆ.
ಯಾಕೆ ಅಂತ ಕೇಳಿದ. ಹಳೇ ಬಾಕಿ ಅಂದೆ.
ಅರ್ಥವಾಗದಿದ್ದರೂ ದುಡ್ಡಿನ ವಿಷಯವಲ್ಲವೇ, ತಲೆಯಾಡಿಸಿ ಹೋದ.

ಆ ತುಂಡು ಇನ್ನೂ ಡ್ರಾಯರಿನಲ್ಲಿದೆ, ನಟ್ಟುಗಳ ಕೆಳಗೆ.
ಬಿಚ್ಚಿಟ್ಟ ಹಳೇ ಸ್ಪ್ರಿಂಗಿಗೆ ಹಿಡಿದು ನೋಡಲಿಲ್ಲ.
ಹೊಂದದಿದ್ದರೆ
ಅದರ ಕಾರು ಇನ್ನೂ ಬರಬೇಕು.