ಉಸಿರ ಚೀಲ

ಮೊದಲು ಬಿದ್ದದ್ದು ರೆಪ್ಪೆ.
ಗೆಣಸಿನ ಬಳ್ಳಿ ಎತ್ತಿ ಹಾಕುವಾಗ ಮೊಣಕಾಲ ಕೆಳಗೆ
ಮುಳ್ಳು ಗೀರಿದಷ್ಟೇ, ರಕ್ತವೂ ಹೆಚ್ಚಿಲ್ಲ.
ಟೈಪಾನ್, ಎಂದಳು ಅತ್ತಿಗೆ ಬೋಯೋ.
ಹುಲ್ಲಿನಲ್ಲಿ ಜಾರುವ ಬಾಲ ಕಂಡದ್ದು ಅವಳೊಬ್ಬಳಿಗೆ.

ರಿಗೋದಿಂದ ಪೋರ್ಟ್ ಮೊರೆಸ್ಬಿಗೆ, ಲಾರಿಯ ಹಿಂದೆ.
ಗುಡ್ಡ ಎರಡೆರಡು, ಅಣ್ಣ ಇಗೋ ಕೂಡ ಇಬ್ಬರು.
ಗೇವಾ, ಉಗುಳು ನುಂಗು, ಎಂದರು ಇಬ್ಬರೂ.
ನುಂಗುವುದು ಹೇಗೆಂದು ಗಂಟಲು ಮರೆತಿತ್ತು.

ಔಷಧಿ ಸಿಕ್ಕಿತು, ಕತ್ತಲಾದ ಮೇಲೆ.
ನರದ ತುದಿಗಳನ್ನು ವಿಷ ಆಗಲೇ ತಿಂದು ಮುಗಿಸಿತ್ತಂತೆ,
ಹೊಸ ತುದಿ ಚಿಗುರುವ ತನಕ ಕಾಯಬೇಕಂತೆ.
ಉಸಿರಾಡಿಸುವ ಯಂತ್ರ ಒಂದೇ. ಅದು ಒಂದು ಮಗುವಿಗೆ.
ನರ್ಸಮ್ಮ ಅಣ್ಣನ ಕೈಗೆ ರಬ್ಬರಿನ ಚೀಲ ಕೊಟ್ಟಳು:
ಒತ್ತು. ಬಿಡು. ಮೂರರ ತನಕ ಎಣಿಸು. ಒತ್ತು.

ನೋಡುವವರಿಗೆ ನಾನು ಎಚ್ಚರ ತಪ್ಪಿದವಳು.
ನನಗೋ ಎಲ್ಲ ಕೇಳುತ್ತಿತ್ತು:
ಫ್ಯಾನಿನ ಕಿರುಗುಟ್ಟು, ಪಕ್ಕದ ಮಂಚದ ಪ್ರಾರ್ಥನೆ,
ಹೆಣ ಊರಿಗೆ ಒಯ್ಯಲು ಲಾರಿಗೆಷ್ಟು ಎಂದು
ಬಾಗಿಲಾಚೆ ಚಿಕ್ಕಪ್ಪನ ಚೌಕಾಸಿ.
ಇದ್ದೇನೆ, ಇದ್ದೇನೆ ಎಂದು ಕಿರುಚಿದೆ.
ಹುಬ್ಬಿನ ಒಂದು ಕೂದಲೂ ಅಲುಗಲಿಲ್ಲ.

ತಾ, ರುಆ, ತೊಯಿ.
ನಮ್ಮ ಮೋಟು ಮಾತಿನಲ್ಲೇ ಎಣಿಸುತ್ತಿದ್ದ ಇಗೋ,
ಬಾಲ್ಯದಲ್ಲಿ ದೋಣಿಯಿಂದ ಮೀನು ಎಣಿಸಿದ ಹಾಗೆ.
ನಡುನಡುವೆ ರುಆ ಆದಮೇಲೆ ತೂಕಡಿಕೆ.
ಆ ಎರಡಕ್ಕೂ ಮೂರಕ್ಕೂ ನಡುವೆ
ನಾನು ಎಷ್ಟು ದೂರ ಹೋಗಿ ಬಂದೆನೆಂದು
ಅವನಿಗೆ ಇವತ್ತಿಗೂ ಹೇಳಿಲ್ಲ.

ಐದನೆಯ ಬೆಳಗ್ಗೆ ಕಾಲಿನ ಹೆಬ್ಬೆರಳು.
ಆಮೇಲೆ ಬಹಳ ದಿನ ಏನೂ ಇಲ್ಲ.
ಆಮೇಲೆ ಎಡಗಣ್ಣಿನಲ್ಲಿ ಒಂದು ಗೆರೆ ಬೆಳಕು,
ಅದರಲ್ಲಿ ಗಡ್ಡ ಬೆಳೆದ ಯಾರೋ.

ಈಗ ಮತ್ತೆ ಬಿಲುಮ್ ಚೀಲ ಹೆಣೆಯುತ್ತೇನೆ.
ಹತ್ತು ಕುಣಿಕೆಗೆ ಒಂದು ಬೆರಳಿನಿಂದ ಜಾರುತ್ತದೆ, ಬಿಚ್ಚುತ್ತೇನೆ.
ಸುಟ್ಟ ಗೆಣಸು ಕರಕಾದದ್ದು ಹೊಗೆ ನೋಡಿಯೇ ತಿಳಿಯಬೇಕು.
ಮಗಳ ನೆತ್ತಿಗೆ ಮೂಗಿಟ್ಟರೆ ಬರೀ ಬಿಸಿ.
ವಾಸನೆ ಬರಬಹುದು, ಬರದಿರಲೂಬಹುದು, ಎಂದರು ಡಾಕ್ಟರು,
ಕಾಗದದಿಂದ ತಲೆ ಎತ್ತದೆ.

ಬದುಕಿ ಬಂದವಳೆಂದು ನನ್ನನ್ನು ನೋಡಲು ಬರುತ್ತಾರೆ,
ಕಾಲು ತೋರಿಸು ಅನ್ನುತ್ತಾರೆ.
ಅಣ್ಣನ ಕೈಯನ್ನು ಯಾರೂ ಕೇಳುವುದಿಲ್ಲ.

ನಡುರಾತ್ರಿ ಎದ್ದರೆ ಚಾಪೆಯ ಮೇಲೆ ಅವನು,
ಬಾಯಿ ತೆರೆದ ಗಾಢ ನಿದ್ದೆ. ಬಲಗೈ ಮಾತ್ರ
ಒತ್ತುತ್ತದೆ, ಬಿಡುತ್ತದೆ.
ಪಕ್ಕದಲ್ಲಿ ಕೂತು
ಅದರ ಲೆಕ್ಕಕ್ಕೇ ಉಸಿರಾಡುತ್ತೇನೆ,
ಅದು ತಾನಾಗಿ ನಿಲ್ಲುವ ತನಕ.